ಸರ್ವೆ ಅಂತ ಬಂದವರಿಗೆ ವೋಟರ್ ಐಡಿ ಕೊಡಬೇಡಿ

ತುಮಕೂರಿನ ಮನೆಯಲ್ಲಿ ನಮ್ಮ ಅಮ್ಮ ಒಬ್ಬರೇ ಇರುತ್ತಾರೆ. ಹೋದ ತಿಂಗಳು ಇಬ್ಬರು ಹುಡುಗರು ಬಂದಿದ್ದರು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. "ಜನಾಭಿಪ್ರಾಯ ಸರ್ವೆ ಅಜ್ಜಿ, ಐದೇ ನಿಮಿಷ" ಅಂದರಂತೆ.

ಮೊದಮೊದಲು ಕೇಳಿದ್ದೆಲ್ಲ ಸರಿಯಾಗೇ ಇತ್ತು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಚರಂಡಿ ಕ್ಲೀನ್ ಮಾಡ್ತಾರಾ, ಬೀದಿ ದೀಪ ಉರಿಯುತ್ತಾ. ಚರಂಡಿ ವಿಷಯ ಎತ್ತಿದರೆ ಅಮ್ಮನಿಗೆ ಹೇಳೋಕೆ ಬೇಕಾದಷ್ಟಿದೆ, ಎಲ್ಲ ಹೇಳಿದ್ದಾರೆ. ಆಮೇಲೆ ಜಾತಿ ಕೇಳಿದರು. ಹೋದ ಸಲ ಯಾರಿಗೆ ಹಾಕಿದ್ರಿ, ಈ ಸಲ ಯಾರಿಗೆ ಹಾಕ್ತೀರಿ ಅಂತ ಕೇಳಿದರು. ಕೊನೆಗೆ "ನೀವು ಇಲ್ಲಿಯವರೇ ಅನ್ನೋದಕ್ಕೆ ಪ್ರೂಫ್ ಬೇಕು" ಅಂತ ವೋಟರ್ ಐಡಿಯ ಎರಡೂ ಕಡೆ ಫೋಟೋ ತೆಗೆದುಕೊಂಡರು. ಫೋನಿಗೆ ಬಂದ ಒಟಿಪಿಯನ್ನೂ ಕೇಳಿ ಹಾಕಿಕೊಂಡರು.

ವಾರ ಕಳೆದಿಲ್ಲ, ಪಕ್ಷವೊಂದರ ಕಾರ್ಯಕರ್ತ ಬಾಗಿಲಿಗೆ ಬಂದ. "ಏನಮ್ಮ, ಈ ಸಲ ನಮಗೆ ಹಾಕಲ್ಲ ಅಂದ್ರಂತೆ?" ನಗ್ತಾನೇ ಕೇಳಿದ್ದು. ಅಮ್ಮ ಅವತ್ತು ರಾತ್ರಿ ಮಲಗಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ನಿಲ್ಲಿಸಿಬಿಡ್ತಾರೇನೋ ಅನ್ನೋ ಭಯ. ಯಾರೋ ಒಬ್ಬ ಕಾರ್ಯಕರ್ತನ ಮಾತಿಗೆ ಪಿಂಚಣಿ ನಿಲ್ಲಲ್ಲ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಇಲ್ಲ. ವಯಸ್ಸಾದವರನ್ನು ಅವರ ಮನೆ ಬಾಗಿಲಲ್ಲೇ ಹೀಗೆ ಹೆದರಿಸಿದ್ದು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿಯಾಗಿ ಸರ್ವೆ ಮಾಡುವವರು ಇದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ದೆಹಲಿಯ ಸಿಎಸ್‌ಡಿಎಸ್ ಅನ್ನೋ ಸಂಶೋಧನಾ ಸಂಸ್ಥೆಯ ಲೋಕನೀತಿ ತಂಡದವರು ಮತದಾರರ ಪಟ್ಟಿಯಿಂದಲೇ ಹೆಸರು ಆರಿಸಿಕೊಂಡು ಮನೆಗೆ ಬರುತ್ತಾರೆ. ಹಾಗಾಗಿ ಹೆಸರು ಹಿಡಿದು ಕರೆದ ಮಾತ್ರಕ್ಕೆ ಅನುಮಾನ ಪಡಬೇಕಿಲ್ಲ. ಆದರೆ ಯಾರಿಗೆ ವೋಟು ಅನ್ನೋ ಪ್ರಶ್ನೆ ಬಂದಾಗ ಅವರು ಬಾಯಿಬಿಟ್ಟು ಹೇಳಿಸುವುದಿಲ್ಲ. ಮತಪತ್ರದ ಥರದ್ದೇ ಒಂದು ಚೀಟಿ ಕೊಡುತ್ತಾರೆ. ನಾವೇ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಬೇಕು. ಅವರಿಗೆ ಬೇಕಿರುವುದು ಒಟ್ಟು ಲೆಕ್ಕ. ನಮ್ಮ ಅಮ್ಮನ ಮನೆಗೆ ಬಂದವರಿಗೆ ಬೇಕಿದ್ದದ್ದು ಯಾವ ಮನೆಯವರು ಯಾರ ಕಡೆ ಅನ್ನೋದು. ಅಭಿಪ್ರಾಯ ಕೇಳೋಕೆ ವೋಟರ್ ಐಡಿ ಫೋಟೋ ಯಾಕೆ ಬೇಕು ಹೇಳಿ?

ಇಂಥದ್ದು ಹೊಸದೇನಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಹಗರಣ ನೆನಪಿರಬಹುದು. ಮತದಾರರ ಜಾಗೃತಿಗೆ ಅಂತ ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಜನ ಬೂತ್ ಮಟ್ಟದ ಅಧಿಕಾರಿಗಳ ಥರ ಐಡಿ ಕಾರ್ಡು ಹಾಕಿಕೊಂಡು ಮನೆಮನೆಗೆ ಹೋಗಿ ಮಾಹಿತಿ ತೆಗೆದುಕೊಂಡಿದ್ದರು ಅನ್ನೋ ದೂರು ಅದು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಮತದಾರರ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಹೇಳಿತು. 2024ರ ಮೇ 2ರಂದು ಇದೇ ಆಯೋಗ ಎಲ್ಲ ಪಕ್ಷಗಳಿಗೂ ಪತ್ರ ಬರೆದು, ಗೆದ್ದ ಮೇಲೆ ಸಿಗುವ ಯೋಜನೆ ತೋರಿಸಿ ಸರ್ವೆ ಹೆಸರಲ್ಲಿ ಮತದಾರರನ್ನು ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸಿ ಅಂದಿತ್ತು. ಆದರೂ ಬಾಗಿಲು ತಟ್ಟುವವರು ತಟ್ಟುತ್ತಲೇ ಇದ್ದಾರೆ.

ಕೊರಳಲ್ಲಿ ಕಾರ್ಡು ಇದ್ದರೆ ಸಾಲದು, ಅದನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಳ್ಳಬಹುದು. ಯಾವ ಸಂಸ್ಥೆ, ದುಡ್ಡು ಕೊಟ್ಟು ಮಾಡಿಸುತ್ತಿರುವವರು ಯಾರು ಅಂತ ಕೇಳಿ. ತಡವರಿಸಿದರೆ ಬಾಗಿಲು ಹಾಕಿಕೊಳ್ಳಿ. ಅಭಿಪ್ರಾಯ ಹೇಳಲೇಬೇಕು ಅಂತ ಏನೂ ಇಲ್ಲ. ಕಾರ್ಡು, ಒಟಿಪಿ, ಹೆಬ್ಬೆಟ್ಟು ಮೂರನ್ನೂ ಸುತರಾಂ ಕೊಡಬೇಡಿ. ಸರ್ಕಾರದ ಕೆಲಸ ಅಂತ ಬಂದರೆ 1950ಕ್ಕೆ ಫೋನ್ ಮಾಡಿ, ನಿಮ್ಮ ಬೂತ್ ಮಟ್ಟದ ಅಧಿಕಾರಿ ಯಾರು ಅಂತ ತಿಳಿದುಕೊಂಡು ಅವರನ್ನೇ ಕೇಳಿ. ಮುಖ್ಯವಾಗಿ ಮನೆಯಲ್ಲಿ ಹಗಲು ಒಬ್ಬರೇ ಇರುವ ಹಿರಿಯರಿಗೆ ಇದನ್ನು ಓದಿ ಹೇಳಿ.

ಈಗಾಗಲೇ ಫೋಟೋ ಕೊಟ್ಟಾಗಿದ್ದರೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ಆಗಾಗ ನೋಡುತ್ತಿರಿ. ನಾವು ಅಮ್ಮನ ಕೈಯಲ್ಲಿ ಪೊಲೀಸರಿಗೂ ತಹಶೀಲ್ದಾರರಿಗೂ ದೂರು ಕೊಡಿಸಿದ್ದೇವೆ. ತುಮಕೂರಿನಲ್ಲಿ ನಿಮ್ಮ ಬೀದಿಗೂ ಇಂಥವರು ಬಂದಿದ್ದರೆ ನೀವೂ ಬರೆದು ಕೊಡಿ. ಒಂದೇ ದೂರಾದರೆ ಫೈಲಿನಲ್ಲೇ ಉಳಿದುಬಿಡುತ್ತದೆ.