ಮೊಟ್ಟೆ ಬಾತಿಗೆ ಯಾವ ಹಾಸು: ರವದಿಯೋ, ಶೇಂಗಾ ಸಿಪ್ಪೆಯೋ, ಭತ್ತದ ಹೊಟ್ಟೋ?

ಬಾತಿನ ಹಿಕ್ಕೆಯಲ್ಲಿ ಬಹುಪಾಲು ನೀರೇ. ಮೊಟ್ಟೆ ಇಡುವಾಗ ಅಂಡನಾಳದ ತುದಿ ಕ್ಷಣಕಾಲ ಹೊರಗೆ ಮಗುಚುತ್ತದೆ. ಅಡಿಯಲ್ಲಿ ನೆಲಕ್ಕೆ ಹರಡಿದ ಹಾಸು ಹಸಿಯಾಗಿದ್ದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಆ ತುದಿಯಿಂದಲೇ ನಾಳದೊಳಗೆ ಮೇಲೇರಿ ಸೋಂಕು ತರುತ್ತದೆ. ಹೆಬ್ಬಾತಿಗೂ ಇದೇ ಪಾಡು. ಮುಧೋಳ, ಜಮಖಂಡಿ ಕಡೆ ಕೈಗೆಟಕುವ ಮೂರು ಹಾಸುಗಳನ್ನು 4 ಇಂಚು ದಪ್ಪ ಹರಡಿ ನೋಡಿದ್ದೇವೆ.

ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಪುಕ್ಕಟೆ. ಆದರೆ ಉದ್ದ ಎಲೆ ನೀರು ಹೀರುವುದಿಲ್ಲ. ಮೇಲೆ ಗರಿಗರಿ ಕಂಡರೂ ಕೈಹಾಕಿ ಎತ್ತಿದರೆ ಅಡಿಭಾಗ ಚಾಪೆಯಂತೆ ಒಂದೇ ಸಮ ಎದ್ದು ಬರುತ್ತದೆ, ಕಣ್ಣುರಿಸುವ ಅಮೋನಿಯಾ ವಾಸನೆ ಬೇರೆ. ಮೇವು ಕತ್ತರಿಸುವ ಮಷಿನ್‌ಗೆ ಕೊಟ್ಟು ಒಂದಿಂಚಿಗೆ ತುಂಡು ಮಾಡಿದರೆ ನೆಲಕ್ಕೆ ನಡೆಯುತ್ತದೆ. ಮಳೆಯಲ್ಲಿ ನೆನೆದ ರವದಿ ಮಾತ್ರ ಬೇಡ. ಅದರ ಬೂಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ.

ಶೇಂಗಾ ಸಿಪ್ಪೆ ನೀರು ಚೆನ್ನಾಗಿ ಹೀರುತ್ತದೆ, ಆದರೂ ನಾವು ಬಿಟ್ಟೆವು. ಅದರಲ್ಲಿ ಉಳಿದ ನುಚ್ಚುಕಾಳನ್ನು ಬಾತು ಕೊಕ್ಕಿನಲ್ಲಿ ಜಾಲಾಡಿ ತಿನ್ನುತ್ತದೆ. ಬೂಷ್ಟು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕೋಳಿಗಿಂತ ಬಾತಿಗೇ ಹೆಚ್ಚು ಮಾರಕ, ಅದರಲ್ಲೂ ಮರಿಗಳಿಗೆ.

ಭತ್ತದ ಹೊಟ್ಟಿಗೆ ದುಡ್ಡು ಬೀಳುತ್ತದೆ, ಅಕ್ಕಿ ಗಿರಣಿಯಿಂದ ತರಿಸಬೇಕು. ಹೀರುವುದೂ ಕಡಿಮೆಯೇ. ಆದರೆ ಗಟ್ಟಿಕಟ್ಟದು, ಸಲಿಕೆಯಲ್ಲಿ ತಿರುವಿದರೆ ಬೇಗ ಒಣಗುತ್ತದೆ. ಮೊಟ್ಟೆಗೂಡಿಗೆ ಇದೇ ಸೈ. ನೆಲಕ್ಕೆ ತುಂಡು ರವದಿ, ಗೂಡಿಗೆ ಹೊಟ್ಟು ಎಂದು ಹಂಚಿದರೆ ಖರ್ಚು ಹಿಡಿತದಲ್ಲಿರುತ್ತದೆ. ಗೂಡು 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ, ಮೂರು ಬಾತಿಗೊಂದು.

ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ನಸುಕಿನಲ್ಲಿ. ಹೀಗಾಗಿ ಹೊಸ ಹೊಟ್ಟು ಸಂಜೆಯೇ ಹಾಕಬೇಕು, ಬೆಳಿಗ್ಗೆಯಲ್ಲ. ಹಿಡಿಯಲ್ಲಿ ಹಿಂಡಿ ಬಿಟ್ಟಾಗ ಹಾಸು ಉಂಡೆಯಾಗಿಯೇ ಉಳಿದರೆ ಹಸಿ ಎಂದರ್ಥ, ತೆಗೆದುಬಿಡಿ. ನೀರಿನ ಬಾನಿಯನ್ನು ಹಾಸಿನ ಮೇಲಿಡದೆ, ಹೊರಗೆ ಇಂಗುಗುಂಡಿಯ ಮೇಲೆ ಜಾಲರಿ ಹಾಕಿ ಇಡಿ. ಇದೊಂದು ತಪ್ಪಿದರೆ ಯಾವ ಹಾಸೂ ನಿಲ್ಲದು.

ಅಂಡನಾಳದ ಸೋಂಕಿನ ಸುಳಿವಾಗಿ ಮೆದುಚಿಪ್ಪಿನ ಮೊಟ್ಟೆ, ಮೊಟ್ಟೆಯ ಮೇಲೆ ರಕ್ತದ ಗೆರೆ, ಗುದದ ಸುತ್ತ ಅಂಟಿದ ಪುಕ್ಕ ಕಂಡ ದಿನವೇ ಹಕ್ಕಿಯನ್ನು ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಿ. ಹೊಟ್ಟೆ ಜೋತು, ಎದೆಯೆತ್ತಿ ನೆಟ್ಟಗೆ ನಿಲ್ಲತೊಡಗಿದರೆ ಅಂಡನಾಳದೊಳಗೆ ಹಳದಿ ಗಿಣ್ಣಿನಂಥ ಗಡ್ಡೆ ಕಟ್ಟಿರಬಹುದು, ಔಷಧಿ ಅದರೊಳಗೆ ಇಳಿಯದು. ವೈದ್ಯರು ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರೆ ಗಡಸು ಬೋರ್ ನೀರಿನಲ್ಲಿ ಕಲಸಬೇಡಿ. ಆ ನೀರಿನ ಕ್ಯಾಲ್ಸಿಯಂ ಜೊತೆ ಔಷಧಿ ಕೂಡಿಕೊಂಡು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ.