ಶಾಲೆ ತಮ್ಮದೆಂಬ ಭಾವವನ್ನು ಅಳೆಯುವ ಸೇವೆ: ಪ್ರಶ್ನಾವಳಿ ಸರಿ, ವರದಿ ಓರೆ

ಮಕ್ಕಳಿಗೆ ಶಾಲೆ ತಮ್ಮದೆನಿಸುತ್ತದೆಯೇ ಎಂಬುದನ್ನು ಗುಂಪುವಾರು ಅಳೆದು ವರದಿ ಕೊಡುವ ಸೇವೆಯೊಂದನ್ನು ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಪ್ರೌಢಶಾಲೆ ಈ ವರ್ಷ ಪಡೆದುಕೊಂಡಿತು. ಪ್ರಶ್ನಾವಳಿಯ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ಅಮೆರಿಕದ ಸಂಶೋಧಕಿ ಕ್ಯಾರಲ್ ಗುಡೆನೋ 1993ರಲ್ಲಿ ಪ್ರಕಟಿಸಿದ, 18 ಹೇಳಿಕೆಗಳ ಮಾಪಕವೇ ಅದಕ್ಕೆ ಆಧಾರ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮಕ್ಕಳೂ ತಡವರಿಸದೆ ಉತ್ತರಿಸಿದರು.

ತೊಡಕಿರುವುದು ವರದಿಯಲ್ಲಿ. ತೋಟದ ಕಾರ್ಮಿಕರ ಲೈನ್‌ಮನೆಯವರು, ಹಾಸ್ಟೆಲಿನವರು, ಊರಿನವರು ಎಂದು ಮೂರು ಬಣ್ಣದ ಪಟ್ಟಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ಹಾಸ್ಟೆಲಿನ ಮಕ್ಕಳಲ್ಲಿ ಈ ಭಾವ ಎಲ್ಲರಿಗಿಂತ ಕಡಿಮೆ ಎಂದು ತೀರ್ಪು ಕೊಡಲಾಗಿದೆ. ಆದರೆ ಸರಾಸರಿಗಳನ್ನು ಹೋಲಿಸುವ ಮುನ್ನ, ಒಂದೇ ಮಟ್ಟದ ಭಾವವಿರುವ ಇಬ್ಬರು ಮಕ್ಕಳು ಯಾವ ಗುಂಪಿನವರಾದರೂ ಪ್ರತಿ ಹೇಳಿಕೆಗೂ ಒಂದೇ ಬಗೆಯಲ್ಲಿ ಉತ್ತರಿಸುತ್ತಾರೆಯೇ ಎಂದು ಪರೀಕ್ಷಿಸಬೇಕು. ಇದನ್ನು ಮಾಪನ ಸಮಾನತೆಯ ಪರೀಕ್ಷೆ ಎನ್ನಬಹುದು. ನಮ್ಮಂಥ ಚಿಕ್ಕ ಶಾಲೆಯ ಅಂಕಿಗಳಿಂದ ಅದು ಆಗದು, ನಿಜ. ಹಲವು ಶಾಲೆಗಳ ಉತ್ತರಗಳನ್ನು ಕೂಡಿಟ್ಟುಕೊಂಡಿರುವ ಕಂಪನಿಗೆ ಆ ನೆಪವಿಲ್ಲ. ಬೇರೆ ಶಾಲೆಯಲ್ಲಿದ್ದರೆ ಚೆನ್ನಾಗಿತ್ತು ಎಂಬ ಅರ್ಥದ ಹೇಳಿಕೆಯನ್ನೇ ನೋಡಿ. ನಾಗರಹೊಳೆ ಅಂಚಿನ ಆದಿವಾಸಿ ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ಇದಕ್ಕೆ ಹೌದೆಂದರೆ, ಅವಳು ಬಯಸುತ್ತಿರುವುದು ಮನೆಗೆ ಹತ್ತಿರದ ಶಾಲೆಯನ್ನಿರಬಹುದು. ತರಗತಿಯಲ್ಲಿ ಗೆಳತಿಯರಿಗೆ ಕೊರತೆಯೇನೂ ಇಲ್ಲದಿರಬಹುದು. ಈ ಒಂದು ಹೇಳಿಕೆ ಹಾಸ್ಟೆಲಿನವರ ಸರಾಸರಿಯನ್ನು ಎಷ್ಟು ಕೆಳಗೆಳೆದಿದೆ ಎಂದು ಕೇಳಿದ್ದಕ್ಕೆ ಹೇಳಿಕೆವಾರು ಅಂಕಿಗಳು ಬಂದವು, ಬೇರೆ ಶುಲ್ಕ ಕಟ್ಟಿಸಿಕೊಂಡ ಮೇಲೆ.

ಸಮೀಕ್ಷೆಗೆ ಕಂಪನಿ ಆರಿಸಿಕೊಂಡದ್ದು ಜನವರಿ. ಕಾಫಿ ಕುಯ್ಲಿನ ಕಾಲದಲ್ಲಿ ಲೈನ್‌ಮನೆ ಮಕ್ಕಳ ಹಾಜರಿ ಇಳಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಶಾಲೆಯೊಂದಿಗಿನ ನಂಟು ಸಡಿಲವಾದವರೇ ಮೊದಲು ತಪ್ಪಿಸಿಕೊಳ್ಳುವುದಾದರೆ, ಆ ಗುಂಪಿನ ಪಟ್ಟಿ ಇರಬೇಕಾದುದಕ್ಕಿಂತ ಎತ್ತರವಾಗಿಯೇ ಕಾಣುತ್ತದೆ. ಜುಲೈಯಲ್ಲಿ ಮಳೆ ರಜೆಗಳ ಕಾಟ, ಸೆಪ್ಟೆಂಬರ್ ಆಗಬಹುದಿತ್ತು.

ನಾಲ್ಕೈದು ಮಕ್ಕಳಷ್ಟೇ ಇರುವ ಉಪಗುಂಪಿಗೂ ಸರಾಸರಿ ಅಚ್ಚು ಹಾಕಿರುವುದನ್ನು ಮಾತ್ರ ಒಪ್ಪಲಾಗದು. ಒಂಬತ್ತನೇ ತರಗತಿಯ ಜೇನುಕುರುಬ ಮಕ್ಕಳೆಂದರೆ ಯಾರೆಂದು ಸ್ಟಾಫ್‌ರೂಮಿಗೆಲ್ಲ ಗೊತ್ತು. ಹೆಸರು ಬರೆಯಬೇಕಿಲ್ಲ, ಯಾರ ಉತ್ತರವೆಂದು ತಿಳಿಯುವುದಿಲ್ಲ ಎಂದು ಮಕ್ಕಳಿಗೆ ಕೊಟ್ಟ ಮಾತು ಆ ಪುಟದಲ್ಲಿ ಮುರಿಯಿತು.

ಪ್ರಶ್ನಾವಳಿಗೆ ನಾಲ್ಕು ಸ್ಟಾರ್, ವರದಿಗೆ ಒಂದೂವರೆ. ಸಣ್ಣ ಗುಂಪುಗಳನ್ನು ಮರೆಮಾಡಿ, ಹೇಳಿಕೆವಾರು ಅಂಕಿಗಳನ್ನು ಮೂಲ ದರದಲ್ಲೇ ಕೊಟ್ಟರೆ ಮುಂದಿನ ವರ್ಷವೂ ಪಡೆಯಬಹುದೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ.