ಸೊಸೆಗೂ ನನಗೂ ರಕ್ತ ಕಡಿಮೆ, ಕಾರಣ ಬೇರೆ ಬೇರೆ: ಶಿರಸಿಯ ಒಂದು ಲ್ಯಾಬಿನ ಅನುಭವ

ಈ ಮಳೆಗಾಲದಲ್ಲಿ ಶಿರಸಿ ಪೇಟೆಯ ಒಂದು ಸಣ್ಣ ರಕ್ತ ತಪಾಸಣೆ ಲ್ಯಾಬಿಗೆ ನಾಲ್ಕು ಸಲ ಹೋಗಿ ಬಂದೆ. ಮಹಡಿ ಮೇಲೆ ಎರಡೇ ಕೋಣೆ, ಕೂರಲು ಒಂದೇ ಬೆಂಚು. ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರಿಗೆ ಕಷ್ಟ. ಆದರೂ ಯಾರು ಕೇಳಿದರೂ ಅಲ್ಲಿಗೇ ಹೋಗಿ ಅನ್ನುತ್ತೇನೆ.

ನನಗೆ ನಲವತ್ತಾರು. ತೋಟದಿಂದ ಮನೆಗೆ ದರೆ ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ಮುಟ್ಟು ಎಂಟು ದಿನ ಹೋಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಸೊಸೆ ಕಾರವಾರದವಳು, ಇಪ್ಪತ್ಮೂರು ವರ್ಷ. ಮದುವೆಗೆ ಮುಂಚೆ ಒಂದು ಕಡೆ ಅವಳಿಗೆ ಆರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಹಿಮೋಗ್ಲೋಬಿನ್ 11 ಬಿಟ್ಟು ಕದಲಲಿಲ್ಲ. ಮಾತ್ರೆ ಸರಿಯಾಗಿ ನುಂಗುವುದಿಲ್ಲ ಅಂತ ಅವಳೇ ಬೈಸಿಕೊಂಡಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಬ್ಬರೂ ಅಲ್ಲಿ ರಕ್ತ ಕೊಟ್ಟೆವು. ವರದಿಯಲ್ಲಿ ಎಂಸಿವಿ ಅಂತ ಇರುತ್ತದೆ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. ಅದು 80ಕ್ಕಿಂತ ಮೇಲಿರಬೇಕು. ನನ್ನದು 70, ಅವಳದು 62. ಲ್ಯಾಬ್ ನೋಡಿಕೊಳ್ಳುವ ಹೆಂಗಸು ಸೊಸೆಯ ವರದಿಯಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀರು ಎಳೆದರು. "ಅಕ್ಕಾ, ನಿಮ್ಮ ಕಣ ಸಣ್ಣ, ಎಣಿಕೆಯೂ ಕಡಿಮೆ, 40 ಲಕ್ಷ. ಇವರ ಕಣ ಇನ್ನೂ ಸಣ್ಣ, ಆದರೆ ಎಣಿಕೆ 57 ಲಕ್ಷ. ಎರಡೂ ಒಂದೇ ಥರದ್ದಲ್ಲ ಅನಿಸುತ್ತದೆ. ಡಾಕ್ಟರಿಗೆ ಈ ಗೀರು ತೋರಿಸಿ."

ಕೇಳಿದ್ದಕ್ಕೆ ಸೂಕ್ಷ್ಮದರ್ಶಕದಲ್ಲೂ ತೋರಿಸಿದರು. ನನ್ನ ಕಣಗಳು ನಡುವೆ ಬಿಳಿಚಿಕೊಂಡು, ಅಂಚಷ್ಟೇ ಉಳಿದು, ತೆಳ್ಳನೆ ಬಳೆಯ ಹಾಗೆ ಕಂಡವು. ಸೊಸೆಯ ಕೆಲವು ಕಣಗಳಲ್ಲಿ ಆ ಬಿಳಿಯ ನಟ್ಟನಡುವೆ ಮತ್ತೆ ಒಂದು ಕೆಂಪು ಚುಕ್ಕೆ, ಕುಂಕುಮ ಇಟ್ಟ ಹಾಗೆ. ನಾನು ಕಣ್ಣು ತೆಗೆಯದೆ ನೋಡಿದೆ.

ಡಾಕ್ಟರು ಇಬ್ಬರಿಗೂ ಫೆರಿಟಿನ್, ಸೊಸೆಗೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಬರೆದರು. ಎ2 ಅನ್ನುವುದು ಹಿಮೋಗ್ಲೋಬಿನ್ನಿನ ಒಂದು ಬಗೆ, ಅದು ಶೇಕಡಾ ಎಷ್ಟಿದೆ ಅಂತ ನೋಡುತ್ತಾರೆ. ಫೆರಿಟಿನ್ ಮೈಯೊಳಗಿನ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುತ್ತದೆ. ನನಗೆ ಆ ವಾರ ಜ್ವರ ಇತ್ತು. ಲ್ಯಾಬಿನವರು ಕೇಳಿ ತಿಳಿದು, ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ, ಹತ್ತು ದಿನ ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದರು. ಬಂದ ಗಿರಾಕಿಯನ್ನು ಹೀಗೆ ಕಳಿಸುವವರು ಎಷ್ಟು ಜನ ಸಿಗುತ್ತಾರೆ! ಎ2 ಪರೀಕ್ಷೆಯ ಯಂತ್ರ ಅಲ್ಲಿಲ್ಲ, ಮಾದರಿ ಹೊರಗೆ ಕಳಿಸಬೇಕು. ಮೂರು ದಿನ ಅಂದದ್ದು ಆರು ದಿನ ಆಯಿತು. ಫೋನ್ ಮಾಡಿ ಹೇಳಬಹುದಿತ್ತು.

ನನ್ನ ಫೆರಿಟಿನ್ ಬರೀ 6. ಗರ್ಭಕೋಶದಲ್ಲಿ ಗಡ್ಡೆ ಇದ್ದು, ರಕ್ತ ಅಲ್ಲಿಂದಲೇ ಸೋರಿಹೋಗುತ್ತಿತ್ತು. ಈಗ ಅದಕ್ಕೂ ಔಷಧಿ. ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಲಿಂಬೆ ಪಾನಕದ ಜೊತೆ ನುಂಗುತ್ತೇನೆ, ಚಹಾ ಏನಿದ್ದರೂ ಆಮೇಲೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 8.4ರಿಂದ 11.3ಕ್ಕೆ ಬಂತು. ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ನುಂಗಬೇಕು.

ಸೊಸೆಯ ಫೆರಿಟಿನ್ 68. ಕಬ್ಬಿಣದ ಕೊರತೆಯೇ ಇಲ್ಲ. ಎ2 5.1, ಅದು 3.5 ದಾಟಬಾರದು. ಥಲಸ್ಸೀಮಿಯಾ ಮೈನರ್ ಅಂದರು. ಅಪ್ಪ ಅಮ್ಮನ ಕಡೆಯಿಂದ ಹುಟ್ಟಿನಲ್ಲೇ ಬಂದ ಗುಣ, ಅವಳ ಆರೋಗ್ಯಕ್ಕೆ ತೊಂದರೆ ಇಲ್ಲ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ಮೈಗೆ ಇಲ್ಲವಂತೆ, ಹಾಗಾಗಿ ಕೊರತೆ ಇಲ್ಲದೆ ಮಾತ್ರೆ ನುಂಗುತ್ತಾ ಹೋಗಬಾರದು. ಗಂಡನಿಗೂ ಇದೇ ಗುಣ ಇದ್ದರೆ ಮಾತ್ರ ಚಿಂತೆ. ಆಗ ಪ್ರತಿ ಬಸುರಿಯಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಮತ್ತೆ ಮತ್ತೆ ರಕ್ತ ಹಾಕಿಸಬೇಕಾದ ಗಂಭೀರ ಕಾಯಿಲೆ, ಬರುವ ಸಂಭವ ನಾಲ್ಕರಲ್ಲಿ ಒಂದು.

ಮಗನ ರಕ್ತವನ್ನೂ ಅಲ್ಲೇ ಕೊಟ್ಟೆವು. ಆ ಆರು ದಿನ ನನಗೆ ಊಟ ರುಚಿಸಲಿಲ್ಲ. ಅವನ ಎಂಸಿವಿ 88, ಎ2 ಸರಿ ಇದೆ. ಸೊಸೆ ವರದಿಯನ್ನು ಎರಡು ಸಲ ಓದಿ ಮಡಚಿಟ್ಟು, ಕಾರವಾರಕ್ಕೆ ತಂಗಿಗೆ ಫೋನ್ ಹಚ್ಚಿದಳು. ಅವಳಿಗೂ ಗಂಡು ನೋಡುತ್ತಿದ್ದಾರೆ, ಬರುವ ವಾರ ಇಲ್ಲಿಗೇ ಕರೆಸುತ್ತಿದ್ದೇವೆ.